ಯಶಸ್ಸು: ಕ್ರೈಸ್ತ ಚಿಂತನೆಯಲ್ಲಿ

ಒಬ್ಬನ ಬದುಕು ಗೆದ್ದಿತೇ ಸೋತಿತೇ ಎಂಬ ಪ್ರಶ್ನೆಗೆ ಕ್ರೈಸ್ತ ಧರ್ಮ ಒಂದೇ ಉತ್ತರ ಕೊಟ್ಟಿಲ್ಲ. ಹಣ, ಆರೋಗ್ಯ, ಸಂತಾನ, ಪದವಿಗಳನ್ನು ದೇವರ ವರವೆಂದು ಕೈಚಾಚಿ ಪಡೆಯುವ ಧಾರೆ ಅದರಲ್ಲಿದೆ; ಅವೆಲ್ಲವನ್ನೂ ಬಿಟ್ಟು ಹೊರಟವರನ್ನು ಸಂತರೆಂದು ಪೂಜ್ಯಭಾವದಿಂದ ಕಾಣುವ ಧಾರೆಯೂ ಇದೆ. ಎರಡಕ್ಕೂ ಬೈಬಲಿನಲ್ಲೇ ಆಧಾರ ಸಿಗುತ್ತದೆ. ಆದರೆ ಈ ಧರ್ಮದ ಕೇಂದ್ರದಲ್ಲಿರುವವನು ರೋಮನ್ ಅಧಿಕಾರಿಯೊಬ್ಬನ ಆಜ್ಞೆಯಂತೆ ಅಪರಾಧಿಗಳ ನಡುವೆ ಶಿಲುಬೆಗೇರಿದವನು. ಸಾಯುವಾಗ ಅವನ ಬಳಿ ಆಸ್ತಿಯಿರಲಿಲ್ಲ, ಶಿಷ್ಯರಲ್ಲಿ ಹೆಚ್ಚಿನವರು ಓಡಿಹೋಗಿದ್ದರು. ಆದ್ದರಿಂದ ಯಶಸ್ಸನ್ನು ಅಳೆಯಲು ಯಾವ ಕೋಲು ತಂದರೂ ಕ್ರೈಸ್ತರು ಅದನ್ನು ಮೊದಲು ಶಿಲುಬೆಯ ಪಕ್ಕದಲ್ಲಿಟ್ಟು ನೋಡಬೇಕಾಗುತ್ತದೆ. ಎರಡು ಸಾವಿರ ವರ್ಷಗಳ ವಾದವಿವಾದದಲ್ಲಿ ಮುಖ್ಯಧಾರೆಯ ಒಲವು ಫಲಿತಾಂಶಕ್ಕಿಂತ ನಂಬಿಗಸ್ತಿಕೆಯ ಕಡೆಗೇ ಇದೆ. ಆದರೂ ಫಲಿತಾಂಶದ ಆಸೆ ಎಂದೂ ಪೂರ್ತಿ ಅಳಿದಿಲ್ಲ.

ಹಳೆಯ ಒಡಂಬಡಿಕೆ

ಇಬ್ರಿಯರ ಧರ್ಮಗ್ರಂಥದಲ್ಲಿ ಈ ವಾದ ಆಗಲೇ ಶುರುವಾಗಿದೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದ ಲೆಕ್ಕ ಸರಳ: ದೇವರ ಆಜ್ಞೆ ಪಾಲಿಸಿದರೆ ಊರು, ಹೊಲ, ಕೊಟ್ಟಿಗೆ, ಹಿಟ್ಟು ನಾದುವ ಪಾತ್ರೆ ಎಲ್ಲವೂ ತುಂಬುತ್ತವೆ, ಮೀರಿದರೆ ಅವೇ ಬರಿದಾಗುತ್ತವೆ. ಆ ಅಧ್ಯಾಯದಲ್ಲಿ ಆಶೀರ್ವಾದಗಳಿಗೆ ಸಿಕ್ಕಿದ್ದು ಹದಿನಾಲ್ಕು ವಚನ, ಶಾಪಗಳಿಗೆ ಐವತ್ತಕ್ಕೂ ಹೆಚ್ಚು. ಸುಲಭದ ಸಮೃದ್ಧಿಯನ್ನು ಸಾರುವವರು ಸಾಮಾನ್ಯವಾಗಿ ಮೊದಲ ಭಾಗ ಓದಿ ಪುಸ್ತಕ ಮುಚ್ಚುತ್ತಾರೆ. ಮೋಶೆಯ ಉತ್ತರಾಧಿಕಾರಿ ಯೆಹೋಶುವನಿಗೂ ಹಗಲಿರುಳು ಧರ್ಮಶಾಸ್ತ್ರವನ್ನು ಧ್ಯಾನಿಸಿದರೆ ಕೈಹಿಡಿದ ಕೆಲಸ ಕೈಗೂಡುವುದೆಂಬ ಭರವಸೆ ಸಿಗುತ್ತದೆ. ಜ್ಞಾನೋಕ್ತಿಗಳ ಪುಸ್ತಕದಲ್ಲಿ ದುಡಿಯುವವನು ಉಣ್ಣುತ್ತಾನೆ, ಮೈಗಳ್ಳ ಕೆಡುತ್ತಾನೆ. ಯಾವ ಹಳ್ಳಿಯ ಹಿರಿಯರಾದರೂ ಒಪ್ಪುವ ಬುದ್ಧಿಮಾತು ಇದು.

ಆದಿಕಾಂಡದಲ್ಲಿ ಬರುವ ಯೋಸೇಫನ ಕಥೆಯಲ್ಲಿ ಈ ಲೆಕ್ಕ ತುಸು ಓರೆಯಾಗುತ್ತದೆ. ಅಣ್ಣಂದಿರೇ ಮಾರಿಬಿಟ್ಟ ಹುಡುಗ ಐಗುಪ್ತದಲ್ಲಿ ಪೋಟೀಫರನ ಮನೆಯ ಆಳಾಗುತ್ತಾನೆ, ಸುಳ್ಳು ಆರೋಪಕ್ಕೆ ಸಿಕ್ಕಿ ಸೆರೆಮನೆ ಸೇರುತ್ತಾನೆ. ದೇವರು ಅವನ ಜೊತೆಗಿದ್ದು ಅವನ ಕೆಲಸವನ್ನೆಲ್ಲ ಸಫಲಗೊಳಿಸಿದನೆಂದು ಕಥೆಗಾರ ಹೇಳುವುದು ಅವನು ಆಳಾಗಿದ್ದಾಗ ಮತ್ತು ಸೆರೆಯಲ್ಲಿದ್ದಾಗ. ಅವನು ಫರೋಹನ ಮಂತ್ರಿಯಾಗುವುದು ಆಮೇಲಿನ ಮಾತು.

ಯೋಬನ ಪುಸ್ತಕ ಆ ಲೆಕ್ಕಕ್ಕೇ ಸವಾಲು ಹಾಕುತ್ತದೆ. ನೀತಿವಂತನಾದ ಯೋಬ ದನಕರು, ಮಕ್ಕಳು, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತಿದ್ದಾನೆ. ಸಾಂತ್ವನ ಹೇಳಲು ಬಂದ ಎಲೀಫಜ, ಬಿಲ್ದದ, ಚೋಫರ ಎಂಬ ಮೂವರು ಗೆಳೆಯರು ಅವನು ಗುಟ್ಟಾಗಿ ಏನೋ ತಪ್ಪು ಮಾಡಿರಲೇಬೇಕೆಂದು ಪಟ್ಟುಹಿಡಿಯುತ್ತಾರೆ. ಅವರ ತರ್ಕವೆಲ್ಲ ಧರ್ಮೋಪದೇಶಕಾಂಡದ ತರ್ಕವೇ. ಕೊನೆಗೆ ದೇವರು ಕೋಪಿಸಿಕೊಳ್ಳುವುದು ಆ ಗೆಳೆಯರ ಮೇಲೆ. ತನ್ನೊಡನೆ ಜಗಳವಾಡಿದ ಯೋಬನೇ ಸರಿಯಾಗಿ ಮಾತಾಡಿದ ಎನ್ನುತ್ತಾನೆ. ಕೊನೆಯ ಅಧ್ಯಾಯದಲ್ಲಿ ಯೋಬನಿಗೆ 14,000 ಕುರಿ, 6,000 ಒಂಟೆ, ಹೀಗೆ ಕಳೆದುಕೊಂಡದ್ದರ ಇಮ್ಮಡಿ ಸಿಗುತ್ತದೆ. ಇಷ್ಟು ಹೊತ್ತು ಕಟ್ಟಿದ ವಾದವನ್ನು ಈ ಮುಕ್ತಾಯ ಕೆಡವುತ್ತದೆಯೇ ಎಂದು ವ್ಯಾಖ್ಯಾನಕಾರರು ಇಂದಿಗೂ ಜಗಳವಾಡುತ್ತಾರೆ. ಪ್ರಸಂಗಿ ಎಂಬ ಪುಸ್ತಕದ ಲೇಖಕನ ಸಮಸ್ಯೆ ಬೇರೆ. ಅವನು ಮನೆ ಕಟ್ಟಿಸಿದ, ದ್ರಾಕ್ಷಿತೋಟ ಬೆಳೆಸಿದ, ಬೆಳ್ಳಿಬಂಗಾರ ಕೂಡಿಸಿದ. ಎಲ್ಲ ಕೈಗೂಡಿದ ಮೇಲೂ ಅದು ಗಾಳಿಯನ್ನು ಹಿಡಿದಂತೆ ಎನಿಸಿತು. ಪ್ರವಾದಿ ಯೆರೆಮೀಯ ಸುಮಾರು ನಲವತ್ತು ವರ್ಷ ಎಚ್ಚರಿಕೆ ನುಡಿದ. ಅರಸ ಅವನ ಸುರುಳಿಯನ್ನು ತುಂಡು ತುಂಡು ಕತ್ತರಿಸಿ ಬೆಂಕಿಗೆ ಹಾಕಿದ, ಅಧಿಕಾರಿಗಳು ಅವನನ್ನು ಕೆಸರುಬಾವಿಗೆ ಇಳಿಸಿದರು, ಯೆರೂಸಲೇಮ್ ಅವನು ಹೆದರಿದಂತೆಯೇ ಬಿತ್ತು. ಕೆಲಸದ ಫಲ ನೋಡಿ ಮನುಷ್ಯನನ್ನು ತೂಗಬಾರದೆಂದು ಹೇಳುವ ಕ್ರೈಸ್ತ ಬೋಧಕರು ಯೆರೆಮೀಯನನ್ನು ಮತ್ತೆ ಮತ್ತೆ ನೆನೆಯುತ್ತಾರೆ.

ಯೇಸು ಮತ್ತು ಪೌಲ

ಮತ್ತಾಯ ಮತ್ತು ಲೂಕರ ಸುವಾರ್ತೆಗಳಲ್ಲಿ ಯೇಸುವಿನ ಬಹಿರಂಗ ಜೀವನಕ್ಕೆ ಮುನ್ನುಡಿಯಾಗಿ ಬರುವುದು ಯಶಸ್ಸಿನ ಪ್ರಲೋಭನೆ. ಅರಣ್ಯದಲ್ಲಿ ಸೈತಾನ ಮೂರು ದಾರಿ ತೋರಿಸುತ್ತಾನೆ: ಕಲ್ಲನ್ನು ರೊಟ್ಟಿಯಾಗಿಸು, ದೇವಾಲಯದ ಶಿಖರದಿಂದ ಹಾರಿ ಜನರನ್ನು ಬೆರಗುಗೊಳಿಸು, ನನಗೆ ಅಡ್ಡಬಿದ್ದು ಲೋಕದ ರಾಜ್ಯಗಳನ್ನೆಲ್ಲ ತೆಗೆದುಕೋ. ಯೇಸು ಮೂರನ್ನೂ ತಳ್ಳುತ್ತಾನೆ. ಪರ್ವತ ಪ್ರಸಂಗ ಆರಂಭವಾಗುವುದೇ ಲೋಕ ಸೋತವರೆಂದು ಎಣಿಸುವವರನ್ನು, ಅಂದರೆ ದೀನರನ್ನು, ದುಃಖಿಸುವವರನ್ನು, ಹಿಂಸೆಗೊಳಗಾದವರನ್ನು ಧನ್ಯರೆಂದು ಕರೆಯುವ ಮಾತುಗಳಿಂದ. ಲೂಕನಲ್ಲಿ ಬರುವ ಮೂರ್ಖ ಧನಿಕನ ಸಾಮತಿ ಇನ್ನೂ ಮೊನಚು. ಅವನು ಕಳ್ಳನಲ್ಲ, ಮೋಸಗಾರನೂ ಅಲ್ಲ. ಒಳ್ಳೆಯ ಬೆಳೆ ಬಂದಾಗ ದೊಡ್ಡ ಕಣಜ ಕಟ್ಟಲು ಹೊರಟ ಜಾಣ ರೈತ. ಆ ರಾತ್ರಿಯೇ ಅವನ ಪ್ರಾಣ ಹೋಗಲಿತ್ತು, ಅಷ್ಟೆ.

ದುಡಿಮೆಯನ್ನು ಯೇಸು ಕಡೆಗಣಿಸಿದ ಎನ್ನುವಂತೆಯೂ ಇಲ್ಲ. ತಲಾಂತುಗಳ ಸಾಮತಿಯಲ್ಲಿ ಯಜಮಾನ ಪರದೇಶಕ್ಕೆ ಹೋಗುವಾಗ ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸುತ್ತಾನೆ. ಮೊದಲಿಬ್ಬರು ವ್ಯಾಪಾರ ಮಾಡಿ ಇಮ್ಮಡಿಸುತ್ತಾರೆ; ಮೂರನೆಯವನು ಹೆದರಿ ನೆಲದಲ್ಲಿ ಹೂತಿಟ್ಟು ಬೈಸಿಕೊಳ್ಳುತ್ತಾನೆ. ಉದ್ಯಮಶೀಲತೆಯ ಉಪದೇಶಕ್ಕೆ ಈ ಕಥೆಯನ್ನು ಎಷ್ಟೋ ಬಾರಿ ಬಳಸಿದ್ದಾರೆ. ಆದರೆ ಮತ್ತಾಯ ಒಂದು ಅಂಶವನ್ನು ಎಚ್ಚರದಿಂದ ಇಟ್ಟಿದ್ದಾನೆ. ಐದು ಗಳಿಸಿದವನಿಗೂ ಎರಡು ಗಳಿಸಿದವನಿಗೂ ಯಜಮಾನ ಹೇಳುವ ಮೆಚ್ಚುಗೆಯ ಮಾತು ಅಕ್ಷರಶಃ ಒಂದೇ, ಮೆಚ್ಚಿದ ಗುಣವೂ ಒಂದೇ: ನಂಬಿಗಸ್ತಿಕೆ. ದೇವಾಲಯದ ಕಾಣಿಕೆ ಪೆಟ್ಟಿಗೆಗೆ ಎರಡು ಪುಡಿಕಾಸು ಹಾಕಿದ ಬಡ ವಿಧವೆ ಉಳಿದೆಲ್ಲರಿಗಿಂತ ಹೆಚ್ಚು ಹಾಕಿದಳೆನ್ನುವ ಪ್ರಸಂಗದಲ್ಲೂ ಮೊತ್ತ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯ ಬಂದಾಗ ಎಡಬಲದ ಆಸನ ನಮಗಿರಲಿ ಎಂದು ಬೇಡಿದ ಶಿಷ್ಯರಾದ ಯಾಕೋಬ, ಯೋಹಾನರಿಗೆ ದೊಡ್ಡವನಾಗಬೇಕಾದವನು ಎಲ್ಲರ ಆಳಾಗಬೇಕು ಎಂಬ ಉತ್ತರ ಸಿಕ್ಕಿತು. ಯೋಹಾನನ ಸುವಾರ್ತೆಯ ಪ್ರಕಾರ ಕೊನೆಯ ರಾತ್ರಿ ಯೇಸು ಬೋಗುಣಿಯಲ್ಲಿ ನೀರು ತೆಗೆದುಕೊಂಡು ಶಿಷ್ಯರ ಕಾಲು ತೊಳೆದ.

ಅಪೊಸ್ತಲ ಪೌಲ ತನ್ನ ಸಾಧನೆಯನ್ನು ಕೊರಿಂಥದ ಕ್ರೈಸ್ತರಿಗೆ ಪತ್ರದಲ್ಲಿ ವಿವರಿಸುವ ಬಗೆ ವಿಚಿತ್ರವಾಗಿದೆ. ಎದುರಾಳಿಗಳು ವಾಕ್ಚಾತುರ್ಯವನ್ನೂ ದರ್ಶನಗಳನ್ನೂ ಮೆರೆಯುತ್ತಿದ್ದಾಗ ಅವನು ಪಟ್ಟಿ ಕೊಟ್ಟದ್ದು ಪೆಟ್ಟುಗಳದ್ದು: ಐದು ಸಲ ಮೂವತ್ತೊಂಬತ್ತು ಚಾವಟಿಯೇಟು, ಮೂರು ಸಲ ಹಡಗು ಒಡೆದದ್ದು, ದಮಸ್ಕದ ಗೋಡೆಯಿಂದ ಬುಟ್ಟಿಯಲ್ಲಿ ಕೂತು ಇಳಿದು ಓಡಿದ್ದು. ಇಂದಿನ ಉದ್ಯೋಗದ ಅರ್ಜಿಗೆ ಇವುಗಳಲ್ಲಿ ಒಂದೂ ಒದಗದು. ಸಭೆ, ಅಂದರೆ ಚರ್ಚ್, ಕಟ್ಟುವ ಕೆಲಸದ ಬಗ್ಗೆ ಅವನ ನಿಲುವು ಇದಕ್ಕೆ ಹೊಂದಿಕೊಂಡಿದೆ: ತಾನು ನೆಟ್ಟೆ, ಜೊತೆಗಾರ ಅಪೊಲ್ಲೋಸ ನೀರು ಹಾಕಿದ, ಬೆಳೆಸಿದವನು ದೇವರು, ಮೇಲ್ವಿಚಾರಕನಿಂದ ನಿರೀಕ್ಷಿಸುವುದು ನಂಬಿಗಸ್ತಿಕೆಯನ್ನು ಮಾತ್ರ. ಇಲ್ಲಿ ಒಂದು ಮಾತು ಮರೆಯಬಾರದು. ಪೌಲನಿಗೆ ಶಿಲುಬೆಯ ಆಚೆ ಪುನರುತ್ಥಾನವಿದೆ. ಕ್ರೈಸ್ತ ಚಿಂತನೆ ಸೋಲನ್ನೇ ಸೋಲಿಗಾಗಿ ಆರಾಧಿಸುವುದಿಲ್ಲ. ಗೆಲುವು ದೇವರ ಕೈಯಲ್ಲಿದೆ, ಅದರ ಕಾಲ ನಮ್ಮ ಕೈಯಲ್ಲಿಲ್ಲ ಎನ್ನುತ್ತದೆ.

ಹುತಾತ್ಮರಿಂದ ಮಠಗಳವರೆಗೆ

ಮೊದಲ ಮೂರು ಶತಮಾನಗಳಲ್ಲಿ ಸಭೆಯ ಆದರ್ಶ ವ್ಯಕ್ತಿಯೆಂದರೆ ಹುತಾತ್ಮ. 203ರಲ್ಲಿ ಕಾರ್ಥೇಜಿನ ಕ್ರೀಡಾಂಗಣದಲ್ಲಿ ಸತ್ತ ಪರ್ಪೆಚುವ ಒಳ್ಳೆಯ ಮನೆತನದ, ಎಳೆಗೂಸಿನ ತಾಯಿ. ಅವಳ ಸೆರೆಮನೆಯ ಬರಹದಲ್ಲಿ ಆ ಸಾವು ವಿಜಯವಾಗಿ ಕಾಣುತ್ತದೆ. 313ರ ಬಳಿಕ ಕಾನ್‌ಸ್ಟಂಟೀನನ ಕಾಲದಲ್ಲಿ ಸಭೆಗೆ ರಾಜಾಶ್ರಯ ಸಿಕ್ಕಿತು. ಚರಿತ್ರಕಾರ ಯೂಸೇಬಿಯಸನಿಗೆ ಆ ಚಕ್ರವರ್ತಿಯ ಗೆಲುವುಗಳಲ್ಲಿ ದೇವರ ಕೈ ಎದ್ದು ಕಂಡಿತು. ಒಂದು ಶತಮಾನ ಕಳೆಯುವಷ್ಟರಲ್ಲಿ, 410ರಲ್ಲಿ, ಕ್ರೈಸ್ತ ರೋಮ್ ನಗರವನ್ನು ಗಾಥರು ಸೂರೆಮಾಡಿದರು. ಸಾಮ್ರಾಜ್ಯದ ಏಳಿಗೆಗೆ ದೇವರ ಮೆಚ್ಚುಗೆ ಕಾರಣವಾಗಿದ್ದರೆ ಈ ಪತನಕ್ಕೆ ಏನು ಕಾರಣ? ಹಿಪ್ಪೋದ ಬಿಷಪ್ ಆಗಸ್ಟೀನ್ ‘ದೇವರ ನಗರ’ವನ್ನು ಬರೆಯಲು ಕೂತದ್ದು ಈ ಇಕ್ಕಟ್ಟಿನಲ್ಲಿ. ಲೋಕದ ಒಳಿತುಕೆಡುಕುಗಳು ಒಳ್ಳೆಯವರಿಗೂ ಕೆಟ್ಟವರಿಗೂ ಬೆರೆತೇ ಬರುತ್ತವೆ, ವ್ಯತ್ಯಾಸವಿರುವುದು ಅವರು ಯಾವುದನ್ನು ಪ್ರೀತಿಸುತ್ತಾರೆ ಎಂಬುದರಲ್ಲಿ ಎಂದು ಅವನು ವಾದಿಸಿದ. ರಾಜಕೀಯ ಗೆಲುವಿಗೂ ದೇವರ ಮೆಚ್ಚುಗೆಗೂ ಗಂಟುಹಾಕುವವರಿಗೆ ಕ್ರೈಸ್ತ ಪರಂಪರೆಯೊಳಗಿಂದಲೇ ಬಂದ ಬಲವಾದ ಉತ್ತರ ಇದು.

ಇದೇ ಅವಧಿಯಲ್ಲಿ ಐಗುಪ್ತದ ಅಂತೋನಿಯಂಥವರು ಆಸ್ತಿ ಮಾರಿ ಮರುಭೂಮಿ ಸೇರಿದರು. ಕೈಸರೈಯದ ಬೆಸಿಲ್ ಮತ್ತು ಜಾನ್ ಕ್ರಿಸೊಸ್ಟಂ ನಗರಗಳಲ್ಲೇ ಉಳಿದು, ಉಳ್ಳವರ ಹೆಚ್ಚುವರಿ ಬಟ್ಟೆ, ಧಾನ್ಯ ಬಡವರಿಗೆ ಸೇರಬೇಕಾದದ್ದು ಎಂದು ಬೋಧಿಸಿದರು. 13ನೆಯ ಶತಮಾನದಲ್ಲಿ ಬಟ್ಟೆ ವ್ಯಾಪಾರಿಯ ಮಗ ಅಸಿಸಿಯ ಫ್ರಾನ್ಸಿಸ್ ಅಪ್ಪನ ಸೊತ್ತನ್ನು ಬಿಷಪ್ಪನ ಎದುರೇ ಹಿಂದಿರುಗಿಸಿ ಬಡತನವನ್ನು ವರಿಸಿದ. ಆ ಶತಮಾನದಲ್ಲೇ ಥಾಮಸ್ ಅಕ್ವಿನಾಸ್ ತನ್ನ ಮಹಾಗ್ರಂಥದಲ್ಲಿ ಮನುಷ್ಯನ ಪರಮಸುಖ ಎಲ್ಲಿದೆ ಎಂದು ಕೇಳಿ, ಹಣ, ಗೌರವ, ಕೀರ್ತಿ, ಅಧಿಕಾರ, ದೇಹಬಲ, ಭೋಗ ಎಂದು ಒಂದೊಂದನ್ನೂ ಕಟಕಟೆಗೆ ಕರೆದು ವಿಚಾರಿಸುತ್ತಾನೆ. ಯಾವುದೂ ಸಾಲದೆಂದು ತೀರ್ಪಿತ್ತು ಪರಿಪೂರ್ಣ ಸುಖ ದೇವರ ದರ್ಶನದಲ್ಲಿದೆ ಎನ್ನುತ್ತಾನೆ. ಹಣವನ್ನು ತಳ್ಳಲು ಅವನು ಕೊಡುವ ಕಾರಣ ಸರಳ: ಹಣ ಬೇಕಾಗುವುದು ಮತ್ತೊಂದಕ್ಕಾಗಿ.

ವೃತ್ತಿ, ದುಡಿಮೆ, ಲಾಭ

ಮಾರ್ಟಿನ್ ಲೂಥರ್ 1518ರ ಹೈಡೆಲ್‌ಬರ್ಗ್ ವಾಗ್ವಾದದಲ್ಲಿ ಮಹಿಮೆಯ ದೇವತಾಶಾಸ್ತ್ರಕ್ಕೆ ಎದುರಾಗಿ ಶಿಲುಬೆಯ ದೇವತಾಶಾಸ್ತ್ರವನ್ನು ನಿಲ್ಲಿಸಿದ. ದೇವರನ್ನು ಬಲ, ವೈಭವಗಳಲ್ಲಿ ಹುಡುಕುವವನು ದಾರಿ ತಪ್ಪುತ್ತಾನೆ ಎಂಬುದು ಅದರ ಸಾರ. ಚಮ್ಮಾರ, ಒಕ್ಕಲಿಗ, ಮಗುವಿನ ಬಟ್ಟೆ ಒಗೆಯುವ ತಂದೆ ಇವರ ಕೆಲಸವೂ ಸನ್ಯಾಸಿಯ ಕೆಲಸದಷ್ಟೇ ದೇವರ ಕರೆ ಎಂದೂ ಅವನು ಹೇಳಿದ. ನಿತ್ಯದ ಕೆಲಸಕ್ಕೆ ಬಂದ ಈ ಗೌರವದ ಪರಿಣಾಮ ಅವನು ಎಣಿಸದ ಕಡೆಗೂ ಹರಿಯಿತು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ 1904–05ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ಪ್ರಕಾರ, ದೇವರು ಆಯ್ದವರ ಸಾಲಿನಲ್ಲಿ ತಾನಿದ್ದೇನೆಯೇ ಎಂದು ತಳಮಳಿಸಿದ ಕಾಲ್ವಿನ್ ಪಂಥದವರಿಗೆ ವೃತ್ತಿಯಲ್ಲಿನ ಶಿಸ್ತು, ಯಶಸ್ಸು ಒಂದು ಬಗೆಯ ಸಮಾಧಾನ ಕೊಟ್ಟವು. ಆ ಶಿಸ್ತು ಬಂಡವಾಳಶಾಹಿಯ ಮನೋಧರ್ಮಕ್ಕೆ ನೆರವಾಯಿತು. ಆರ್ಥಿಕ ಇತಿಹಾಸಕಾರರು ಈ ವಾದವನ್ನು ಹಲವು ಕಡೆ ಹರಿದುಹಾಕಿದ್ದಾರೆ. ಆದರೂ ಅದನ್ನು ದಾಟದೆ ಈ ವಿಷಯ ಚರ್ಚಿಸುವವರು ಕಡಿಮೆ.

ವೇಬರ್ ಉದ್ಧರಿಸಿದವರಲ್ಲಿ ಮೆಥಡಿಸ್ಟ್ ಚಳವಳಿಯ ಜಾನ್ ವೆಸ್ಲಿಯೂ ಒಬ್ಬ. ಹಣದ ಬಗ್ಗೆ ವೆಸ್ಲಿಯ ಬೋಧನೆಗೆ ಮೂರು ಕಾಲು: ನಿನ್ನ ಆರೋಗ್ಯಕ್ಕೂ ನೆರೆಯವನಿಗೂ ಕೇಡಾಗದಂತೆ ಆದಷ್ಟೂ ಗಳಿಸು, ಆದಷ್ಟೂ ಉಳಿಸು, ಆದಷ್ಟೂ ಕೊಡು. ಆಕ್ಸ್‌ಫರ್ಡಿನ ದಿನಗಳಲ್ಲಿ ಅವನ ವರಮಾನ ವರ್ಷಕ್ಕೆ 30 ಪೌಂಡ್ ಇದ್ದಾಗ 28ರಲ್ಲಿ ಬದುಕಿ ಉಳಿದದ್ದನ್ನು ಹಂಚಿದ. ವರಮಾನ 60, 90, 120 ಎಂದು ಏರಿದಾಗಲೂ ಖರ್ಚು 28ರಲ್ಲೇ ನಿಂತಿತೆಂದು ಪ್ರಸಿದ್ಧಿ. ಆದರೆ ಅವನ ಅನುಯಾಯಿಗಳು ಮೊದಲೆರಡು ಪಾಠ ಕಲಿತಷ್ಟು ಚೆನ್ನಾಗಿ ಮೂರನೆಯದನ್ನು ಕಲಿಯಲಿಲ್ಲ. ಭಕ್ತಿ ದುಡಿಮೆಯನ್ನೂ ಮಿತವ್ಯಯವನ್ನೂ ತರುತ್ತದೆ, ಅವು ಐಶ್ವರ್ಯ ತರುತ್ತವೆ, ಐಶ್ವರ್ಯ ಬೆಳೆದಂತೆ ಭಕ್ತಿ ಕುಗ್ಗುತ್ತದೆ ಎಂದು 1786ರಲ್ಲಿ ಮುದಿ ವೆಸ್ಲಿ ಚಿಂತೆಯಿಂದ ಬರೆದ. ತನ್ನ ಚಳವಳಿಯ ಯಶಸ್ಸೇ ಅದನ್ನು ತಿನ್ನಬಹುದೆಂದು ಇಷ್ಟು ನಿಚ್ಚಳವಾಗಿ ಕಂಡ ಧಾರ್ಮಿಕ ನಾಯಕರು ವಿರಳ.

ಸಮೃದ್ಧಿ ಸುವಾರ್ತೆ ಮತ್ತು ಅದರ ವಿರೋಧಿಗಳು

ಅಮೆರಿಕದಲ್ಲಿ ಈ ಚಿಂತೆ ಹಗುರಾಯಿತು. ಫಿಲಡೆಲ್ಫಿಯದ ಬ್ಯಾಪ್ಟಿಸ್ಟ್ ಬೋಧಕ ರಸೆಲ್ ಕಾನ್ವೆಲ್ ‘ವಜ್ರಗಳ ಎಕರೆಗಳು’ ಎಂಬ ಒಂದೇ ಉಪನ್ಯಾಸವನ್ನು 6,000ಕ್ಕೂ ಹೆಚ್ಚು ಬಾರಿ ಕೊಟ್ಟರು. ಪ್ರಾಮಾಣಿಕವಾಗಿ ಶ್ರೀಮಂತನಾಗುವುದು ಕ್ರೈಸ್ತನ ಕರ್ತವ್ಯ ಎಂಬುದು ಅದರ ಸಂದೇಶ. ಟೆಂಪಲ್ ವಿಶ್ವವಿದ್ಯಾಲಯದ ಸ್ಥಾಪಕರೂ ಅವರೇ. ಜಾಹೀರಾತು ಉದ್ಯಮದ ಬ್ರೂಸ್ ಬಾರ್ಟನ್ 1925ರ ತಮ್ಮ ಪುಸ್ತಕದಲ್ಲಿ ಯೇಸುವನ್ನು ಆಧುನಿಕ ವ್ಯಾಪಾರದ ಜನಕನೆಂದು ಚಿತ್ರಿಸಿದರು. 1952ರಲ್ಲಿ ನಾರ್ಮನ್ ವಿನ್ಸೆಂಟ್ ಪೀಲ್ ಸಕಾರಾತ್ಮಕ ಚಿಂತನೆಯ ಪುಸ್ತಕ ಬರೆದು ಲಕ್ಷಾಂತರ ಓದುಗರನ್ನು ಪಡೆದರು. ಇವೆಲ್ಲಕ್ಕಿಂತ ಮುಂದೆ ಹೋದದ್ದು ಕೆನೆತ್ ಹೇಗಿನ್, ಓರಲ್ ರಾಬರ್ಟ್ಸ್ ಮೊದಲಾದವರು ಹರಡಿದ ಸಮೃದ್ಧಿ ಸುವಾರ್ತೆ. ಆರೋಗ್ಯ ಮತ್ತು ಐಶ್ವರ್ಯ ವಿಶ್ವಾಸಿಯ ಹಕ್ಕು, ನಂಬಿ ಬಾಯಿಬಿಟ್ಟು ಘೋಷಿಸಿದರೆ ಅವು ಬರುತ್ತವೆ, ಬೋಧಕನಿಗೆ ಕೊಟ್ಟ ಕಾಣಿಕೆ ಬಿತ್ತಿದ ಬೀಜ ಎಂಬುದು ಅದರ ಬೋಧೆ. ರಾಬರ್ಟ್ಸ್ ನೆಚ್ಚಿದ ವಚನ ಯೋಹಾನನ ಮೂರನೆಯ ಪತ್ರದ ಆರಂಭದಲ್ಲಿದೆ. ಅದು ಗೆಳೆಯನಿಗೆ ಕ್ಷೇಮ ಹಾರೈಸುವ, ಆ ಕಾಲದ ಯಾವ ಪತ್ರದಲ್ಲೂ ಬರುವಂಥ ಒಕ್ಕಣೆ.

ಈ ಬೋಧನೆ ಆಫ್ರಿಕ, ಲ್ಯಾಟಿನ್ ಅಮೆರಿಕ, ಏಷ್ಯಗಳ ಬಡ ಬಡಾವಣೆಗಳಲ್ಲಿ ಹಬ್ಬಿದ್ದನ್ನು ಮೂಢತನವೆಂದು ತಳ್ಳಿಹಾಕುವುದು ಸುಲಭ, ಆದರೆ ಅನ್ಯಾಯ. ಆಸ್ಪತ್ರೆ, ಬ್ಯಾಂಕು, ಸರ್ಕಾರ ಯಾವುದೂ ಕೈಗೆಟುಕದವನಿಗೆ ದೇವರು ನಿನ್ನ ಬಾಡಿಗೆ, ಮಗುವಿನ ಜ್ವರಗಳ ಬಗ್ಗೆಯೂ ಯೋಚಿಸುತ್ತಾನೆ ಎಂಬ ಮಾತು ಅಗ್ಗದ್ದಲ್ಲ. ಕೇಡು ಇರುವುದು ಫಲ ಬಾರದಾಗ. ಕಾಯಿಲೆ ವಾಸಿಯಾಗದಿದ್ದರೆ ನಿನ್ನ ನಂಬಿಕೆ ಕಡಿಮೆ ಎನ್ನುವ ಬೋಧಕ ಯೋಬನ ಗೆಳೆಯರ ಜಾಗದಲ್ಲಿ ಕೂತಿರುತ್ತಾನೆ. ಇವ್ಯಾಂಜೆಲಿಕಲ್ ಸಭೆಗಳ 2010ರ ಕೇಪ್‌ಟೌನ್ ಬದ್ಧತೆ ಈ ಬೋಧನೆಯನ್ನು ಸ್ಪಷ್ಟವಾಗಿ ತಿರಸ್ಕರಿಸಿತು. 2018ರಲ್ಲಿ ರೋಮಿನ ಜೆಸ್ಯುಯಿಟ್ ಪತ್ರಿಕೆ ಲಾ ಚಿವಿಲ್ತಾ ಕತ್ತೋಲಿಕ ಕೂಡ ಇದನ್ನು ಕಟುವಾಗಿ ವಿಮರ್ಶಿಸಿತು.

ಯಶಸ್ಸಿನ ಆರಾಧನೆಗೆ ಇಪ್ಪತ್ತನೆಯ ಶತಮಾನದ ಅತಿ ತೀಕ್ಷ್ಣ ಟೀಕೆ ಬಂದದ್ದು ಹಿಟ್ಲರನ ಗೆಲುವಿನ ದಿನಗಳಲ್ಲಿ. 1940ರಲ್ಲಿ ಫ್ರಾನ್ಸ್ ಕುಸಿದಿತ್ತು. ಜರ್ಮನಿಯ ಎಷ್ಟೋ ಸಭ್ಯ ಕ್ರೈಸ್ತರಿಗೆ ಆ ಗೆಲುವೇ ಆಳ್ವಿಕೆಯ ಸಮರ್ಥನೆಯಂತೆ ಕಂಡಿತು. ಆ ವರ್ಷ ‘ನೀತಿಶಾಸ್ತ್ರ’ದ ಹಸ್ತಪ್ರತಿ ಆರಂಭಿಸಿದ ಪಾದ್ರಿ ಡೀಟ್ರಿಚ್ ಬಾನ್‌ಹೋಫರ್ ಅದರಲ್ಲಿ ಗೆದ್ದವನ ಬಗ್ಗೆಯೇ ಬರೆದರು. ಗೆಲುವು ಮಾಡಿದ ತಪ್ಪನ್ನು ಮುಚ್ಚುತ್ತದೆ, ಜನ ಅದರ ಮುಂದೆ ವಿವೇಚನೆ ಕಳೆದುಕೊಳ್ಳುತ್ತಾರೆ. ಶಿಲುಬೆಗೇರಿದವನನ್ನು ನೋಡಿದಾಗ ಗೆಲುವನ್ನು ಪ್ರಮಾಣವಾಗಿಸುವ ಯೋಚನೆ ನಿಲ್ಲದು. ಹಾಗೆಂದು ಸೋಲಿಗೂ ಅಲ್ಲಿ ವಿಶೇಷ ಮಾನ್ಯತೆಯಿಲ್ಲ, ದೇವರ ತೀರ್ಪನ್ನು ಒಪ್ಪಿಕೊಳ್ಳುವುದೇ ಮುಖ್ಯ ಎಂಬುದು ಅವರ ವಾದದ ತಿರುಳು. ಹಿಟ್ಲರನನ್ನು ಕೆಳಗಿಳಿಸುವ ಸಂಚಿನಲ್ಲಿ ಪಾಲ್ಗೊಂಡಿದ್ದ ಅವರನ್ನು 1945ರ ಏಪ್ರಿಲ್ 9ರಂದು ಫ್ಲೋಸೆನ್‌ಬುರ್ಗ್ ಶಿಬಿರದಲ್ಲಿ ಗಲ್ಲಿಗೇರಿಸಿದರು. ಸಂಚು ಫಲಿಸಿರಲಿಲ್ಲ, ಪುಸ್ತಕ 1949ರಲ್ಲಿ ಅಪೂರ್ಣವಾಗಿಯೇ ಅಚ್ಚಾಯಿತು.

ಮಿಷನ್‌ಗಳ ಲೆಕ್ಕಪುಸ್ತಕ

ಯಶಸ್ಸನ್ನು ಅಂಕಿಯಲ್ಲಿ ಬರೆಯಲೇಬೇಕಾಗಿ ಬಂದದ್ದು ಮಿಷನರಿಗಳಿಗೆ, ಏಕೆಂದರೆ ಯೂರೋಪಿನಲ್ಲಿ ಕಾಣಿಕೆ ಕೊಟ್ಟವರಿಗೆ ವರದಿ ಒಪ್ಪಿಸಬೇಕಿತ್ತು. 1793ರಲ್ಲಿ ಬಂಗಾಳಕ್ಕೆ ಬಂದ ವಿಲಿಯಂ ಕೇರಿ ಮೊದಲ ದೀಕ್ಷಾಸ್ನಾನ ಕೊಡಲು 1800ರ ಡಿಸೆಂಬರ್‌ವರೆಗೆ ಕಾದರು. 1813ರಲ್ಲಿ ಬರ್ಮಾ ತಲುಪಿದ ಅಡೊನಿರಾಮ್ ಜಡ್ಸನ್ ಕಾದದ್ದು 1819ರವರೆಗೆ.

ಕನ್ನಡ ನಾಡಿಗೆ ಸಂಬಂಧಿಸಿದ ಉದಾಹರಣೆಗಳು ಬಾಸೆಲ್ ಮಿಷನ್ನಿನವು. 1834ರಲ್ಲಿ ಮಂಗಳೂರಿಗೆ ಬಂದ ಈ ಸಂಸ್ಥೆಯ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿದರು. ಅದು ಒಂದು ವರ್ಷವೂ ಆ ಹೆಸರಿನಲ್ಲಿ ಬಾಳಲಿಲ್ಲ. ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಗಿ ಬೇಗನೆ ನಿಂತಿತು. ಇಂದು ಜುಲೈ 1 ಕರ್ನಾಟಕದಲ್ಲಿ ಪತ್ರಿಕಾ ದಿನ. ಫರ್ಡಿನೆಂಡ್ ಕಿಟ್ಟೆಲ್ 1853ರಲ್ಲಿ ಬಂದದ್ದೂ ಸುವಾರ್ತೆ ಸಾರಲು. ಮತಾಂತರದ ಪಟ್ಟಿಯಲ್ಲಿ ಅವರ ಹೆಸರು ಹುಡುಕುವವರಿಲ್ಲ. ‘ಕಥಾಮಾಲೆ’ ಎಂದು ಕ್ರಿಸ್ತಚರಿತೆಯನ್ನು ಕನ್ನಡ ಪದ್ಯಕ್ಕೆ ತಂದರು, ಕೇಶಿರಾಜನ ‘ಶಬ್ದಮಣಿದರ್ಪಣ’ ಮತ್ತು ನಾಗವರ್ಮನ ಛಂದಸ್ಸನ್ನು ಸಂಪಾದಿಸಿದರು, 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಮುಗಿಸಿಕೊಟ್ಟರು. ಕಿಟ್ಟೆಲರ ಸಮಕಾಲೀನನೆನ್ನಬಹುದಾದ ಇನ್ನೊಬ್ಬ, ಸಹಾರಾದ ತಮನ್‌ರಾಸೆಟ್ಟಿನಲ್ಲಿ ನೆಲೆಸಿದ ಫ್ರೆಂಚ್ ಸನ್ಯಾಸಿ ಶಾರ್ಲ್ ದ ಫೂಕೊ. ಅವರ ಜೊತೆ ಕಾಯಂ ಉಳಿಯಲು ಒಬ್ಬ ಸೋದರ ಸನ್ಯಾಸಿಯೂ ಸಿಗಲಿಲ್ಲ, 1916ರಲ್ಲಿ ಗುಂಡೇಟಿಗೆ ಸತ್ತರು; ಉಳಿದದ್ದು ತುಆರೆಗ್ ಭಾಷೆಯ ದೊಡ್ಡ ನಿಘಂಟು. ಅವರ ಹಾದಿಯ ಸನ್ಯಾಸಿ ಸಂಘ ಹುಟ್ಟಿದ್ದು 1933ರಲ್ಲಿ. 2022ರ ಮೇ 15ರಂದು ಅವರ ಜೊತೆಗೇ ಸಂತಪದವಿ ಪಡೆದವರಲ್ಲಿ ತಿರುವಾಂಕೂರಿನ ಅರಮನೆಯ ಅಧಿಕಾರ, ಮಾನ ಕಳೆದುಕೊಂಡು 1752ರಲ್ಲಿ ಕೊಲೆಯಾದ ದೇವಸಹಾಯಂ ಪಿಳ್ಳೈಯೂ ಇದ್ದರು.

ಬಾಸೆಲ್ ಮಿಷನ್ ಲಾಭದ ಪ್ರಶ್ನೆಯನ್ನೂ ಎದುರಿಸಿತು. ಕ್ರೈಸ್ತರಾದವರು ಜಾತಿಯ ಜೊತೆಗೆ ಕಸುಬನ್ನೂ ಕಳೆದುಕೊಂಡಾಗ ನೇಯ್ಗೆ ಮಗ್ಗ, 1865ರಲ್ಲಿ ಹೆಂಚಿನ ಕಾರ್ಖಾನೆ ಬಂದವು. ಮಂಗಳೂರು ಹೆಂಚು ಊರೂರಿಗೆ ಹೋಯಿತು. ಗಳಿಕೆ ಹೆಚ್ಚಿದಂತೆ, ಸುವಾರ್ತೆಯ ಸಂಸ್ಥೆ ವ್ಯಾಪಾರಿಯಾಗಬಹುದೇ ಎಂಬ ಪ್ರಶ್ನೆಯೂ ಎದ್ದಿತು. ವೆಸ್ಲಿಯ ಹಳೆಯ ಕಳವಳವೇ ಇಲ್ಲಿ ಹೆಂಚಿನ ರೂಪ ತಾಳಿತ್ತು.

ಭಾರತದಲ್ಲೇ ಹುಟ್ಟಿ ಇಲ್ಲೇ ಮಿಷನರಿಯಾಗಿದ್ದ ಡೊನಾಲ್ಡ್ ಮೆಕ್‌ಗೆವ್ರನ್, ಕೆಲವು ಸಭೆಗಳು ಬೆಳೆದು ಕೆಲವು ಬೆಳೆಯದಿರಲು ಕಾರಣ ಹುಡುಕಿ 1970ರಲ್ಲಿ ಸಭೆಯ ಬೆಳವಣಿಗೆಯನ್ನು ಒಂದು ಅಧ್ಯಯನ ಶಾಖೆಯಾಗಿಸುವ ಗ್ರಂಥ ಬರೆದರು. ತಲೆಯೆಣಿಕೆಯನ್ನು ಕೀಳಾಗಿ ಕಾಣುವುದು ಸೋಮಾರಿತನಕ್ಕೆ ನೆಪವೆಂಬ ಅವರ ಮಾತಿನಲ್ಲಿ ಹುರುಳಿದೆ. ದಕ್ಷಿಣ ಭಾರತ ಸಭೆಯ ಬಿಷಪ್ ಆಗಿದ್ದ ಲೆಸ್ಲಿ ನ್ಯೂಬಿಗಿನ್ 1978ರ ತಮ್ಮ ಪುಸ್ತಕದಲ್ಲಿ ಇದಕ್ಕೆ ಉತ್ತರಿಸಿದರು: ಹೊಸ ಒಡಂಬಡಿಕೆಯ ಪತ್ರಗಳು ಸಭೆಯ ಗಾತ್ರದ ಬಗ್ಗೆ ಕಳವಳಪಡುವುದಿಲ್ಲ, ಅದರ ನಂಬಿಗಸ್ತಿಕೆಯ ಬಗ್ಗೆ ಪಡುತ್ತವೆ.

ಯಾರಿಗೆ ಹೇಳುವ ಮಾತು

ತ್ಯಾಗ, ದೀನತೆಗಳನ್ನು ನಿಜವಾದ ಯಶಸ್ಸೆನ್ನುವ ಬೋಧನೆಗೂ ಕಳೆದ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಒಳಗಿನಿಂದಲೇ ಆಕ್ಷೇಪ ಬಂದಿದೆ. 1960ರಲ್ಲಿ ದೇವತಾಶಾಸ್ತ್ರಜ್ಞೆ ವ್ಯಾಲೆರಿ ಸೇವಿಂಗ್ ತಮ್ಮ ಲೇಖನದಲ್ಲಿ, ಅಹಂಕಾರವನ್ನೇ ಮೂಲಪಾಪವೆನ್ನುವುದು ಗಂಡಸರ ಅನುಭವದ ದೇವತಾಶಾಸ್ತ್ರ, ತನ್ನತನವನ್ನೇ ಬೆಳೆಸಿಕೊಳ್ಳಲು ಬಿಡದ ಹೆಣ್ಣಿಗೆ ಇನ್ನಷ್ಟು ತ್ಯಾಗ ಬೋಧಿಸುವುದು ರೋಗ ಹೆಚ್ಚಿಸುವ ಮದ್ದು ಎಂದು ವಾದಿಸಿದರು. ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ 1981ರಲ್ಲಿ ಅರವಿಂದ ನಿರ್ಮಲ್ ಕೊಟ್ಟ ಉಪನ್ಯಾಸದಿಂದ ದಲಿತ ದೇವತಾಶಾಸ್ತ್ರ ಹೊರಟಿತೆಂದು ಗುರುತಿಸುತ್ತಾರೆ. ಅದರ ಕಣ್ಣಿನಿಂದ ನೋಡಿದರೆ ಮಿಷನ್ ಶಾಲೆಯಲ್ಲಿ ಓದಿ ಗುಮಾಸ್ತನಾದ, ದಾದಿಯಾದ, ಮೈತುಂಬ ಬಟ್ಟೆ ತೊಟ್ಟು ಬೀದಿಯಲ್ಲಿ ನಡೆದ ಮೊದಲ ತಲೆಮಾರಿನ ಏಳಿಗೆ ಲೌಕಿಕ ಆಡಂಬರವಲ್ಲ, ಅದು ಬಿಡುಗಡೆಯ ಭಾಗ. ಅಸಿಸಿಯ ಫ್ರಾನ್ಸಿಸನಿಗೆ ಬಿಟ್ಟುಕೊಡಲು ಅಪ್ಪನ ಅಂಗಡಿ ಇತ್ತು. ಬಿಡಲು ಏನೂ ಇಲ್ಲದವರ ಸಭೆಯಲ್ಲಿ ಅವನ ಕಥೆಯನ್ನು ಹೇಗೆ ಹೇಳಬೇಕೆಂಬ ಚರ್ಚೆ ಭಾರತದ ಧರ್ಮಶಾಸ್ತ್ರ ಕಾಲೇಜುಗಳಲ್ಲಿ ನಡೆದೇ ಇದೆ.